ಬೀಜಕ್ಕ ಪಾವತಿ ಕೇಳತೀವಿ, ಮಾರಿಗೆ ಹಚ್ಚೋ ಡಬ್ಬಿಗೆ ಯಾಕ ಕೇಳೂದಿಲ್ಲ?



ಈ ಪುಸ್ತಕಕ್ಕೆ ನೀವೂ ಏನಾದರೂ ಬರೀರಿ ಅಂತ ಹುಡುಗರು ಬಂದು ಕೇಳಿದಾಗ, ನಾನು ಡೊಳ್ಳಿನ ಪದದ ಮೇಲೆ ಬರೀತೀನಿ ಅಂತ ಅವರು ತಿಳಕೊಂಡಿದ್ದರು. ನಾನು ಬರೀತಿರೋದು ಹೆಣ್ಣುಮಕ್ಕಳು ಮಾರಿಗೆ ಹಚ್ಚಿಕೊಳ್ಳುವ ಬಿಳೀ ಆಗೋ ಕ್ರೀಮಿನ ಮೇಲೆ. ಕಟ್ಟೆ ಮೇಲೆ ಈ ಮಾತು ಹೇಳಿದ ದಿನ ನಾಲ್ಕು ಮಂದಿ ನಕ್ಕರು. "ಅರವತ್ತು ದಾಟಿತು, ಈಗ ಪಾರ್ಲರ್ ತಗೀತಿ ಏನೋ?" ಅಂದರು. ನಗೋರು ನಗಲಿ. ಆ ನಾಲ್ವರೊಳಗ ಇಬ್ಬರ ಮನೆಯಲ್ಲಿ ಅಂಥ ಡಬ್ಬಿ ಇದೆ ಅನ್ನೋದು ನನಗ ಗೊತ್ತೈತಿ, ಅವರಿಗೆ ಗೊತ್ತಿಲ್ಲ.

ಮೊದಲು ನಮ್ಮ ಒಕ್ಕಲುತನದ ಮಾತು ಹೇಳತೀನಿ. ಅಕ್ಕಲಕೋಟೆಗೆ ಹೋಗಿ ಒಂದು ಚೀಲ ಬೀಜ ತರಬೇಕಾದರೆ ನಾವು ಏನೇನು ನೋಡತೀವಿ? ಚೀಲದ ಹೊಲಿಗೆ ನೋಡತೀವಿ. ನೀಲಿ ಚೀಟಿ ಇದೆಯೋ ಇಲ್ಲವೋ ನೋಡತೀವಿ. ಲಾಟ್ ನಂಬರು, ಮೊಳಕೆ ಎಷ್ಟು ಪರ್ಸೆಂಟು, ಪರೀಕ್ಷೆ ಮಾಡಿದ ತಾರೀಖು, ಕಂಪನಿಯ ವಿಳಾಸ ಎಲ್ಲಾ ನೋಡತೀವಿ. ಕಣ್ಣು ಕಾಣದಿದ್ದರೆ ಮೊಮ್ಮಗನ ಕೈಲಿ ಓದಸತೀವಿ. ಆಮ್ಯಾಲ ಪಕ್ಕಾ ಪಾವತಿ ಕೊಡ್ರಿ ಅಂತ ಅಂಗಡಿಯವನ ಎದುರಿಗೆ ನಿಲ್ಲತೀವಿ. ಬಿತ್ತಿದ ಮೇಲೂ ಒಂದು ಮುಷ್ಟಿ ಬೀಜ, ಖಾಲಿ ಚೀಲ, ಚೀಟಿ ಮೂರನ್ನೂ ಮಾಡದಾಗ ಎತ್ತಿಡತೀವಿ. ನಾಳೆ ಹುಟ್ಟದೇ ಹೋದರೆ ತೋರಿಸಾಕ ಬೇಕಲ್ಲ.

ಮತ್ತ ಅದು ಬೇಕಾಗೇ ಬಂತು. 2020ರ ಮುಂಗಾರಿನಲ್ಲಿ ಮಹಾರಾಷ್ಟ್ರದ ತುಂಬಾ ಸೋಯಾಬೀನ್ ಬೀಜ ಮೊಳಕೆ ಒಡೀಲಿಲ್ಲ. ರೈತರು ಸುಮ್ಮನೆ ಕೂಡಲಿಲ್ಲ. ಸಾವಿರಾರು ತಕರಾರು ಬಿದ್ದವು, ಕೃಷಿ ಇಲಾಖೆಯವರು ಹೊಲಕ್ಕೆ ಬಂದು ಪಂಚನಾಮೆ ಮಾಡಿದರು, ಹೈಕೋರ್ಟಿನ ಔರಂಗಾಬಾದ್ ಪೀಠ ತಾನಾಗಿಯೇ ಆ ವಿಷಯ ಕೈಗೆ ತಗೊಂಡಿತು, ಬೀಜದ ಕಂಪನಿಗಳ ಮೇಲೆ ಪೊಲೀಸ್ ಕೇಸೂ ಆದವು. ಯಾಕಾಯಿತು? ರೈತ ಬೀದಿಯಲ್ಲಿ ನಿಂತು ಕೂಗಿದ್ದಕ್ಕೆ ಆಯಿತು. ಬೀಜ ಹುಟ್ಟಲಿಲ್ಲ ಅಂತ ಹೇಳಾಕ ಅವನಿಗೆ ನಾಚಿಕೆ ಇರಲಿಲ್ಲ.

ಈಗ ನನ್ನ ತಂಗಿಯ ಮಗಳ ಮಾತು. ಹೆಸರು ಬರಿಯೋದಿಲ್ಲ.

ಎರಡು ವರ್ಷದ ಹಿಂದೆ ಅವಳ ಸಾಕರಪುಡಾ ಆಯಿತು. ಹುಡುಗನ ಕಡೆಯ ಒಬ್ಬ ಮುದುಕಿ, ಎಲೆ ಅಡಿಕೆ ಹಾಕ್ಕೋತ, "ಹುಡುಗಿ ಗುಣಾ ಛಲೋ ಐತಿ, ಬಣ್ಣ ಸ್ವಲ್ಪ ಕಮ್ಮಿ" ಅಂದಳು. ಅಷ್ಟೇ ಮಾತು. ಆ ಮಾತು ನಮ್ಮ ಮನೆಯೊಳಗೆ ಹೊಕ್ಕಿತು, ಹೊರಗೆ ಹೋಗಲೇ ಇಲ್ಲ. ಮದುವೆಗೆ ಎರಡು ತಿಂಗಳು ಇತ್ತು. ತಂಗಿ ಮಗಳನ್ನು ಕರಕೊಂಡು ತಾಲೂಕಿನ ಒಂದು ಪಾರ್ಲರಿಗೆ ಹೋದಳು. ಅಲ್ಲಿ ಒಂದು ಸಣ್ಣ ಬಿಳೀ ಡಬ್ಬಿ ಕೊಟ್ಟರು. ಸುಣ್ಣದ ಡಬ್ಬಿ ಇರತದಲ್ಲ, ಅಷ್ಟೇ ದೊಡ್ಡದು. ಮೇಲೆ ಒಂದಕ್ಷರ ಇಲ್ಲ. ಇನ್ನೂರೈವತ್ತು ರೂಪಾಯಿ. "ರಾತ್ರಿ ಹಚ್ಚಿ ಮಲಗು, ಬೆಳಗ್ಗೆ ತೊಳಕೋ, ಇದು ಗಿಡಮೂಲಿಕೆದು, ಏನೂ ಆಗಂಗಿಲ್ಲ" ಅಂದರಂತೆ.

ಹದಿನೈದು ದಿನಕ್ಕೆ ಹುಡುಗಿ ಬೆಳ್ಳಗಾದಳು. ಇದು ಸುಳ್ಳಲ್ಲ. ಕಣ್ಣಿಗೆ ಕಾಣೋ ಹಂಗ ಬೆಳ್ಳಗಾದಳು. ಎಲ್ಲಾರೂ ಖುಷಿ ಆದೆವು, ನಾನೂ ಆದೆ. "ಮಾರಿಗೆ ಕಳೆ ಬಂತು ನೋಡವಾ" ಅಂತ ನನ್ನ ಬಾಯಿಲೇ ಅಂದೀನಿ. ಎರಡು ಡಬ್ಬಿ ಮುಗಿದವು, ಮದುವೆ ಆಯಿತು, ಗಂಡನ ಮನೆಗೆ ಹೋದಳು. ಅಲ್ಲಿ ಡಬ್ಬಿ ಸಿಗಲಿಲ್ಲ, ಹಚ್ಚೋದು ಬಿಟ್ಟಳು. ಬಿಟ್ಟ ಎಂಟು ದಿನಕ್ಕೆ ಮಾರಿ ಕೆಂಪಾಯಿತು. ಹಸೀ ಮೆಣಸಿನಕಾಯಿ ಅರೆದು ಹಚ್ಚಿದಂಗ ಉರಿ. ಬಿಸಿಲಿಗೆ ಹೋಗೂ ಹಂಗಿಲ್ಲ, ಒಲೆ ಮುಂದೆ ಕೂಡೂ ಹಂಗಿಲ್ಲ. ಗುಳ್ಳೆ ಎದ್ದವು, ಗದ್ದದ ಮೇಲೆ ಕೂದಲು ಬಂದವು. ಹೊಸದಾಗಿ ಮದುವೆಯಾದ ಹುಡುಗಿ ಸೆರಗು ಮುಚ್ಚಿಕೊಂಡು ತವರಿಗೆ ಬಂದಳು. ಊರಾಗ ಏನೇನು ಮಾತಾಡಿದರು ಅಂತ ನಿಮಗೆ ನಾನು ಹೇಳಬೇಕೇನು? ಮಾತಾಡಿದವರೇ ಇದನ್ನ ಓದತಾ ಇದ್ದೀರಿ.

ಸೋಲಾಪುರಕ್ಕೆ ಚರ್ಮದ ಡಾಕ್ಟರ ಹತ್ತಿರ ನಾನೇ ಕರಕೊಂಡು ಹೋದೆ. ಅವರು ಕೇಳಿದ ಮೊದಲ ಮಾತು: ಏನು ಹಚ್ಚಿದ್ದಿ, ಡಬ್ಬಿ ತಂದೀರೇನು? ಡಬ್ಬಿ ಕೊಟ್ಟೆವು. ತಿರುಗಿಸಿ ನೋಡಿ ಮೇಜಿನ ಮೇಲೆ ಇಟ್ಟರು. "ಇದರ ಮ್ಯಾಲ ಏನೂ ಇಲ್ಲಲ್ಲ, ನಾನು ಏನಂತ ತಿಳೀಲಿ?" ಅಂದರು. ಮಾರಿಯ ಲಕ್ಷಣ ನೋಡಿ ಸ್ಟಿರಾಯ್ಡ್ ಬೆರೆಸಿದ್ದಾರೆ ಅಂತ ಹೇಳಿದರು. ಕ್ಲೋಬೆಟಾಸೋಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಅಂತ ಹೆಸರಿನ ಮುಲಾಮುಗಳು ಅದಾವಂತೆ. ಇಸಬಿನಂಥ ರೋಗಕ್ಕೆ ಡಾಕ್ಟರು ಬರೆದುಕೊಟ್ಟು, ಇಷ್ಟೇ ದಿನ ಅಂತ ಹೇಳಿ ಹಚ್ಚಸೋ ಔಷಧ ಅವು. ಮಾರಿಗೆ ತಿಂಗಳಾನುಗಟ್ಟಲೆ ಹಚ್ಚಿದರೆ ಮೊದಲು ರಕ್ತದ ಸಣ್ಣ ನಾಳ ಕುಗ್ಗಿ ಬೆಳ್ಳಗ ಕಾಣತದೆ, ಒಳಗೊಳಗೇ ಚರ್ಮ ತೆಳುವಾಗಿ ಈರುಳ್ಳಿ ಸಿಪ್ಪೆ ಆಗತದೆ. ಬಿಟ್ಟಕೂಡಲೇ ಉರಿ. ಉರಿ ತಾಳಲಾರದೆ ಮತ್ತೆ ಹಚ್ಚತಾರೆ. ಕುಡುಕನಿಗೆ ಬೆಳಗ್ಗೆ ಕೈ ನಡುಗಿದಾಗ ಮತ್ತೊಂದು ಗುಟುಕು ಬೇಕಾಗತದಲ್ಲ, ಹಂಗ. ನಮ್ಮ ಹುಡುಗಿ ಸುಧಾರಿಸಾಕ ವರ್ಷದ ಮೇಲಾಯಿತು.

ನಾನು ಸಿಟ್ಟಿನಿಂದ ಆ ಪಾರ್ಲರಿಗೆ ಹೋದೆ. ಜಗಳ ಆಡಬೇಕು ಅಂತಲೇ ಹೋದೆ. ಆ ಹೆಣ್ಣುಮಗಳು ಅತ್ತಳು. ಗಾಡಿ ಮೇಲೆ ಒಬ್ಬ ಬರತಾನಂತೆ, ಡಜನ್ ಲೆಕ್ಕದಲ್ಲಿ ಡಬ್ಬಿ ಕೊಟ್ಟು ರೊಕ್ಕ ತಗೊಂಡು ಹೋಗತಾನಂತೆ. ಪಾವತಿ ಇಲ್ಲ, ಅವನ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. "ನಾನೂ ಅದನ್ನೇ ಹಚ್ಚತೀನಿ ಕಾಕಾ" ಅಂತ ತನ್ನ ಮಾರಿ ತೋರಿಸಿದಳು. ಆಕೆಯ ಮೇಲಿನ ಸಿಟ್ಟು ಅರ್ಧ ಇಳೀತು. ಪೂರಾ ಇಳಿದಿಲ್ಲ. ಯಾಕಂದರೆ ತನಗ ಏನು ಅಂತ ಗೊತ್ತಿಲ್ಲದ್ದನ್ನ ಗಿಡಮೂಲಿಕೆ ಅಂತ ಹೆಸರಿಟ್ಟು ಮಾರಿದವಳೂ ಆಕೆಯೇ.

ಸ್ಟಿರಾಯ್ಡ್ ಆದ್ರ ಮಾರಿ ಕೆಡಸತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದು ಐತಿ: ಪಾದರಸ. ನಮ್ಮ ಪತ್ತಾರರಿಗೆ ಪಾದರಸ ಅಂದರೆ ಏನು ಅಂತ ಚೆನ್ನಾಗಿ ಗೊತ್ತು. ಬಂಗಾರಕ್ಕೆ ಮುಟ್ಟಿದರೆ ಬಂಗಾರ ಬೆಳ್ಳಗಾಗತದೆ. ಅದೇ ಪಾದರಸದ ಉಪ್ಪನ್ನು ಕ್ರೀಮಿನೊಳಗ ಕಲಸತಾರೆ. ಚರ್ಮಕ್ಕೆ ಬಣ್ಣ ಕೊಡೋ ವಸ್ತು ಹುಟ್ಟೋದನ್ನ ಅದು ತಡೀತದೆ, ಅದಕ್ಕ ಬಿಳುಪು. ಆದರೆ ಅದು ಚರ್ಮದ ಮೇಲೆ ಕೂಡೋದಿಲ್ಲ, ಒಳಗೆ ಇಳಿದು ಕಿಡ್ನಿಗೆ ಹೋಗತದೆ. ಹಚ್ಚಿಕೊಂಡವರಿಗೆ ಅಷ್ಟೇ ಅಲ್ಲ, ಅದು ಆವಿಯಾಗಿ ಹಾರತದೆ. ಮಗ್ಗಲಲ್ಲಿ ಮಲಗೋ ಕೂಸಿಗೂ ತಟ್ಟತದೆ.

ನಮ್ಮದೇ ರಾಜ್ಯದ ಅಕೋಲಾದ ಸುದ್ದಿ 2023ರಲ್ಲಿ ಪೇಪರಿನಲ್ಲಿ ಬಂತು. ಒಂದೇ ಮನೆಯ ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳು, ಮೂವರಿಗೂ ಕಿಡ್ನಿ ಬೇನೆ. ಮೂವರೂ ಹಚ್ಚಿಕೊಂಡಿದ್ದು ಒಂದೇ ಬಿಳೀ ಆಗೋ ಕ್ರೀಮು. ಅದನ್ನು ಮುಂಬಯಿಯಲ್ಲಿ ಪರೀಕ್ಷೆ ಮಾಡಿದಾಗ ಪಾದರಸ ಸಿಕ್ಕಿತು. ಕೇರಳದ ಕೊಟ್ಟಕ್ಕಲ್ ಊರಿನ ಡಾಕ್ಟರುಗಳು ಇನ್ನೂ ದೊಡ್ಡ ಲೆಕ್ಕ ಬರೆದಿಟ್ಟಿದ್ದಾರೆ. 2021ರ ಜುಲೈದಿಂದ 2023ರ ಸೆಪ್ಟೆಂಬರ್‌ವರೆಗೆ ಒಂದು ಥರದ ಕಿಡ್ನಿ ರೋಗದ 22 ಮಂದಿ ಅವರಲ್ಲಿಗೆ ಬಂದರು. ಆ ರೋಗದಲ್ಲೇ ಅಪರೂಪದ ಒಂದು ಬಗೆ 15 ಮಂದಿಗೆ ಇತ್ತು. ಯಾಕಿಷ್ಟು ಜನಕ್ಕೆ ಅಂತ ಕೆದಕಿ ಕೇಳಿದರೆ, ಆ 15ರೊಳಗ 13 ಮಂದಿ ಬಿಳೀ ಆಗೋ ಕ್ರೀಮು ಹಚ್ಚಿಕೊಂಡವರು! ಹಚ್ಚೋದು ಬಿಟ್ಟ ಮೇಲೆ ಬಹಳ ಮಂದಿಗೆ ರೋಗ ಇಳೀತು ಅನ್ನೋದೊಂದೇ ಸಮಾಧಾನ. ಕೇರಳ ಸರ್ಕಾರದ ಔಷಧ ಇಲಾಖೆ 'ಆಪರೇಷನ್ ಸೌಂದರ್ಯ' ಅಂತ ಹೆಸರಿಟ್ಟು ಅಂಗಡಿ ಅಂಗಡಿ ಹೊಕ್ಕು ತಪಾಸಣೆ ಮಾಡಿತು. 2025ರ ಆರಂಭದಲ್ಲಿ ಹೇಳಿದ ಪ್ರಕಾರ, ಕೆಲವು ಲಿಪ್‌ಸ್ಟಿಕ್ಕು ಮತ್ತು ಕ್ರೀಮುಗಳಲ್ಲಿ ಪಾದರಸ ಮಿತಿಗಿಂತ 12,000 ಪಟ್ಟು ಇತ್ತು. ಮಿತಿ ಎಷ್ಟು? ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು. ಹನ್ನೆರಡು ಸಾವಿರ ಪಟ್ಟು ಅಂದರೆ ನೂರು ಗ್ರಾಮಿನ ಡಬ್ಬಿಯಲ್ಲಿ ಒಂದು ಗ್ರಾಮಿಗೂ ಮೇಲೆ, ಪತ್ತಾರರ ತಕ್ಕಡಿಯಲ್ಲಿ ಹತ್ತು ಗುಲಗಂಜಿ ತೂಕ.

ಈಗ ನನ್ನ ಜಗಳ ಯಾರ ಜೋಡಿ ಅಂತ ಹೇಳತೀನಿ. ಗಾಡಿ ಮೇಲೆ ಡಬ್ಬಿ ತರುವವನ ಜೋಡಿ ಇದ್ದದ್ದೇ. ಆದರೆ ಅವನು ಧೈರ್ಯವಾಗಿ ತಿರುಗಾಡಾಕ ಕಾರಣ ನಾವು. ಖೋಟಾ ಬೀಜ ಮಾರುವವನಿಗೆ ಹೆದರಿಕೆ ಐತಿ, ಯಾಕಂದ್ರ ರೈತ ಬಾಯಿ ಮಾಡತಾನ. ಖೋಟಾ ಕ್ರೀಮು ಮಾರುವವನಿಗೆ ಹೆದರಿಕೆ ಇಲ್ಲ, ಯಾಕಂದ್ರ ಮಾರಿ ಸುಟ್ಟುಕೊಂಡ ಮನೆ ಬಾಯಿ ಮುಚ್ಚತದೆ. ಹುಡುಗಿ ಹಚ್ಚಿಕೊಂಡಿದ್ದಳು ಅಂತ ತಿಳಿದರೆ ಬೀಗರು ಏನಂತಾರ, ನೆರೆಯವರು ಏನಂತಾರ! ನನ್ನ ತಂಗಿಯೂ ಅದನ್ನೇ ಅಂದಳು: "ಅಣ್ಣಾ, ಆದದ್ದಾತು, ಊರಿಗೆಲ್ಲಾ ಸಾರಬ್ಯಾಡ." ಎಂಟು ತಿಂಗಳು ನಾನೂ ಸಾರಲಿಲ್ಲ. ಆ ಎಂಟು ತಿಂಗಳಲ್ಲಿ ನಮ್ಮೂರಿಗೆ ಅದೇ ಡಬ್ಬಿ ಎಷ್ಟು ಬಂದವೋ.

"ಇದು ಹೆಂಗಸರ ವಿಷಯ, ಗಂಡಸು ಬಾಯಿ ಹಾಕಬಾರದು" ಅನ್ನೋರಿಗೆ ಒಂದು ಮಾತು. ಕಪ್ಪು ಹುಡುಗಿಗೆ ಒಂದು ತೊಲಿ ಬಂಗಾರ ಹೆಚ್ಚು ಕೊಡ್ರಿ ಅಂತ ಕಟ್ಟೆ ಮೇಲೆ ಕೂತು ಮಾತಾಡುವಾಗ ಅದು ಹೆಂಗಸರ ವಿಷಯ ಆಗಿರಲಿಲ್ಲ. ಆಗ ಎಲ್ಲಾ ಗಂಡಸರೇ ಕೂತಿದ್ದೆವು. ಆಷಾಢ ಬಂದರೆ ಪಂಢರಪುರಕ್ಕೆ ನಡಕೊಂಡು ಹೋಗಿ ಕರೀ ಕಲ್ಲಿನ ವಿಠೋಬನ ಕಾಲ ಮೇಲೆ ತಲೆ ಇಡತೀವಿ. ಎರೀ ಹೊಲ ಕೊಳ್ಳುವಾಗ ಕಪ್ಪಿದ್ದಷ್ಟೂ ಬೆಲೆ ಹೆಚ್ಚು ಅಂತೀವಿ. ಮನೆಗೆ ತರೋ ಹುಡುಗಿ ಮಾತ್ರ ಬೆಳ್ಳಗಿರಬೇಕು. 2020ರಲ್ಲಿ ಒಂದು ದೊಡ್ಡ ಕಂಪನಿ ತನ್ನ ಕ್ರೀಮಿನ ಹೆಸರಿನಲ್ಲಿದ್ದ 'ಫೇರ್' ಅನ್ನೋ ಶಬ್ದ ತೆಗೆದು 'ಗ್ಲೋ' ಅಂತ ಹಾಕಿತು. ನಮ್ಮ ಕಟ್ಟೆಯ ಮೇಲಿನ ಮಾತಿನಲ್ಲಿ ಆ ಶಬ್ದ ಇನ್ನೂ ಹಂಗೇ ಐತಿ.

ನನ್ನ ಪಾಲೂ ಒಪ್ಪಿಕೊಳ್ಳತೀನಿ. ನಲವತ್ತು ವರ್ಷ ಮದುವೆ ಹಂದರದಲ್ಲಿ ಹಾಡೀನಿ. ಮದುಮಗಳನ್ನು ಹೊಗಳಬೇಕಾದಾಗ ಹಾಲು, ಬೆಣ್ಣೆ, ಬೆಳದಿಂಗಳು ಇವನ್ನೇ ತಂದು ಹಾಕೀನಿ. ಎದುರಿಗೆ ಕೂತ ಹುಡುಗಿ ಎಂಥ ಬಣ್ಣದವಳೇ ಇರಲಿ, ಪದ ಅದೇ. ಅದನ್ನು ಕೇಳುತ್ತ ಕೂತ ಇನ್ನೊಬ್ಬ ಕಪ್ಪು ಹುಡುಗಿ ಮನಸ್ಸಿನಲ್ಲಿ ಏನು ಅಂದುಕೊಂಡಿರತಾಳ ಅಂತ ನಾನು ಯಾವತ್ತೂ ವಿಚಾರ ಮಾಡಿದವನಲ್ಲ.

ಇನ್ನೊಂದು ತಕರಾರು ಕೇಳೀನಿ: "ನಾವು ಬಡವರು, ದೊಡ್ಡ ಕಂಪನಿದು ತುಟ್ಟಿ, ಅದಕ್ಕ ಇಂಥದ್ದು ತಗೋತೀವಿ." ಬಿಳೀ ಆಗೋದು ಬೇಕೇ ಬೇಕು ಅಂತ ಯಾರು ಹೇಳಿದರು? ಹತ್ತು ರೂಪಾಯಿಯ ಕೊಬ್ಬರಿ ಎಣ್ಣೆ ತಗೋ, ಅದರ ಮೇಲೂ ಕಂಪನಿ ವಿಳಾಸ ಇರತದೆ. ತುಟ್ಟಿ-ಅಗ್ಗದ ಮಾತಲ್ಲ ಇದು. ದೊಡ್ಡ ಕಂಪನಿಯ ಹೆಸರಿನಲ್ಲೇ ಖೋಟಾ ಬರತಾವ. ಹಳೇ ಖಾಲಿ ಡಬ್ಬಿ, ಬಾಟಲಿ ಕೊಂಡು ತುಂಬಿ ಮತ್ತೆ ಮಾರತಾರೆ. ಎಣ್ಣೆ ಹೊಡೆದ ಮೇಲೆ ಕೀಟನಾಶಕದ ಬಾಟಲಿಗೆ ತೂತು ಹಾಕಿ ಒಗೀರಿ ಅಂತ ಕೃಷಿ ಇಲಾಖೆಯವರು ಹೇಳತಾರಲ್ಲ, ಕ್ರೀಮಿನ ಡಬ್ಬಿಯನ್ನೂ ಒಡೆದೇ ಒಗೀಬೇಕು. ಹಳೇ ಸಾಮಾನಿನವನಿಗೆ ಹಂಗೇ ಕೊಡಬ್ಯಾಡ್ರಿ.

'ಗಿಡಮೂಲಿಕೆದು' ಅನ್ನೋ ಶಬ್ದಕ್ಕಂತೂ ನಾನು ಇನ್ನು ತಲೆ ಬಾಗೋನಲ್ಲ. ನಮ್ಮ ಹಿತ್ತಲದ ಅರಿಷಿಣ, ಕಡಲೆ ಹಿಟ್ಟು ಯಾರನ್ನೂ ಹದಿನೈದು ದಿನಕ್ಕೆ ಬೆಳ್ಳಗ ಮಾಡಿದ್ದು ನಾನು ನೋಡಿಲ್ಲ. ಹದಿನೈದು ದಿನಕ್ಕೆ ಬಣ್ಣ ತಿರುಗಿತು ಅಂದರೆ ಅದರೊಳಗ ಗಿಡ ಅಲ್ಲ, ಬ್ಯಾರೇ ಏನೋ ಐತಿ ಅಂತ ಸಂಶಯ ಪಡಬೇಕು.

ಯಂತ್ರದ ಮಾತೂ ಸ್ವಲ್ಪ ಹೇಳಬೇಕು, ಯಾಕಂದ್ರ ಈಗ ಸೋಲಾಪುರದ ಗಾಳಿ ನಮ್ಮ ಕಡೆಗೂ ಬೀಸತದೆ. ಬೆಳಕು ಹಾಯಿಸಿ ಕೂದಲು ತೆಗೀತೀವಿ, ಕಲೆ ತೆಗೀತೀವಿ ಅಂತ ಹೇಳೋ ಯಂತ್ರಗಳು. ಆ ಬೆಳಕು ಹೋಗಿ ಹಿಡಿಯೋದು ಕಪ್ಪು ಬಣ್ಣವನ್ನು. ಬೆಳ್ಳಗಿದ್ದವರ ಚರ್ಮದಲ್ಲಿ ಕೂದಲಷ್ಟೇ ಕಪ್ಪು, ನಮ್ಮಂಥವರಲ್ಲಿ ಚರ್ಮವೇ ಕಪ್ಪು. ಯಂತ್ರ ಖೋಟಾ ಇದ್ದರೆ, ಇಲ್ಲಾ ನಡೆಸುವವರಿಗೆ ಅಳತೆ ತಿಳೀದಿದ್ದರೆ, ಕೂದಲಿನ ಬದಲು ಚರ್ಮ ಸುಡತದೆ. ಚರ್ಮದ ಡಾಕ್ಟರು ಇಲ್ಲದ ಕಡೆ ಅಂಥದರ ಕೆಳಗೆ ಮಾರಿ ಕೊಡಬ್ಯಾಡ್ರಿ. ಮದುವೆ ಮದರಂಗಿಯದೂ ಹಂಗೇ. ನಮ್ಮ ಮದರಂಗಿ ಕೆಂಪು. ಅರ್ಧ ತಾಸಿಗೆ ಕರೀ ಬಣ್ಣ ಬರೋ ಮದರಂಗಿಯೊಳಗ ತಲೆಗೆ ಹಚ್ಚೋ ಕರೀ ಬಣ್ಣದ ರಸಾಯನ ಬೆರೆಸಿರತಾರೆ. ಕೈ ಮೇಲೆ ಬೊಬ್ಬೆ ಎದ್ದ ಹುಡುಗಿಯರನ್ನ ನೋಡೀನಿ.

ಹಂಗಾದ್ರ ಏನು ನೋಡಬೇಕು ಅಂತ ಕೇಳತೀರಿ. ಬೀಜದ ಚೀಲ ನೋಡಿದಂಗೇ ನೋಡ್ರಿ. ಕಾಯ್ದೆ ಐತಿ: ಔಷಧ ಮತ್ತು ಸೌಂದರ್ಯ ಸಾಮಗ್ರಿಯ ಕಾಯ್ದೆ 1940ರದ್ದು, ಸೌಂದರ್ಯ ಸಾಮಗ್ರಿಗೆ ಬ್ಯಾರೆ ನಿಯಮ 2020ರದ್ದು. ಅದರ ಪ್ರಕಾರ ಡಬ್ಬಿಯ ಮೇಲೆ ತಯಾರಿಸಿದವರ ಹೆಸರು ವಿಳಾಸ, ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಯಾವ ತಾರೀಖಿನ ಒಳಗೆ ಬಳಸಬೇಕು, ಒಳಗೆ ಏನೇನು ಹಾಕಿದ್ದಾರೆ ಎಲ್ಲಾ ಬರೆದಿರಬೇಕು. ಹೊರದೇಶದ ಮಾಲಾದರೆ ತರಿಸಿದವರ ಹೆಸರು, ಇಲ್ಲಿಯ ನೋಂದಣಿ ನಂಬರು ಇರಬೇಕು. ನಾವು ಗಡಿ ಮಂದಿ, ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಅಷ್ಟಿಷ್ಟು ಇಂಗ್ಲಿಷ್, ಮೂರು ಅಕ್ಷರ ಕಲಿತೀವಿ. ಆ ಮೂರರೊಳಗ ಯಾವುದೂ ಇಲ್ಲದ, ಯಾವ ದೇಶದ್ದೋ ತಿಳಿಯದ ಅಕ್ಷರದ ಡಬ್ಬಿಯನ್ನು ಮಾರಿಗೆ ಹಚ್ಚುವ ಧೈರ್ಯ ಎಲ್ಲಿಂದ ಬಂತು? 'ಮರ್ಕ್ಯುರಿ', 'ಕ್ಯಾಲೋಮೆಲ್' ಅಂತ ಬರೆದಿದ್ದರೆ ಅದೇ ಪಾದರಸ. 'ಬಂಗಾರ ಬೆಳ್ಳಿಗೆ ತಾಗಿಸಬೇಡಿ' ಅಂತ ಬರೆದಿದ್ದರೂ ಪಾದರಸದ ಸಂಶಯ ಪಡ್ರಿ. ಮುಲಾಮಿನ ಟ್ಯೂಬಿನ ಮೇಲೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಔಷಧ. ಅದನ್ನು ನೆರೆಮನೆಯವರು ಹೇಳಿದರು ಅಂತ ತಂದು ಹಚ್ಚಬಾರದು. ಹಚ್ಚುತ್ತಿರುವವರಿಗೆ ಕಾಲು, ಕಣ್ಣಿನ ಸುತ್ತ ಬಾವು ಬಂದರೆ, ಮೂತ್ರ ನೊರೆ ನೊರೆ ಹೋದರೆ, ನಾಚಿಕೆ ಬಿಟ್ಟು ಡಾಕ್ಟರಿಗೆ ಹಚ್ಚಿದ್ದನ್ನ ಹೇಳ್ರಿ. ಕೊಟ್ಟಕ್ಕಲ್‌ದಲ್ಲಿಯೂ ಕೆದಕಿ ಕೇಳಿದ ಮೇಲೇ ಗೊತ್ತಾಗಿದ್ದು.

ಮತ್ತ ಪಾವತಿ. ಪಾವತಿ ಕೇಳಿದರೆ "ನಲವತ್ತು ರೂಪಾಯಿ ಮಾಲಿಗೆ ಪಾವತಿ ಯಾಕ್ರಿ" ಅಂತ ನಗತಾರೆ. ನಗಲಿ. ಪಾವತಿ ಇಲ್ಲಾಂದರೆ ಮಾಲೂ ಬೇಡ. ಮೋಸ ಆದರೆ 1915ಕ್ಕೆ ಫೋನ್ ಹಚ್ಚಿದರೆ ಗ್ರಾಹಕರ ದೂರು ತಗೋತಾರೆ. ಜಿಲ್ಲೆಯಲ್ಲಿ ಅನ್ನ ವ ಔಷಧ ಪ್ರಶಾಸನದ ಕಚೇರಿ ಐತಿ, ಡಬ್ಬಿ ಹಿಡಿದು ಅಲ್ಲಿಗೆ ಹೋಗಬಹುದು.

ಗುರುಗಳಿಗೆ ಒಂದು ವಿನಂತಿ. ನಮ್ಮ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯ ಮಕ್ಕಳಿಗೆ ಒಂದು ದಿನ ಮನೆಯಲ್ಲಿನ ಡಬ್ಬಿ, ಬಾಟಲಿ ತರಿಸಿ ಮೇಲಿನ ಬರಹ ಓದಸ್ರಿ. ತಾರೀಖು ಹುಡುಕಲಿ, ವಿಳಾಸ ಹುಡುಕಲಿ. ನಾನು ಏಳನೇತ್ತಿಗೆ ಶಾಲೆ ಬಿಟ್ಟವ, ಆದರೂ ಬೀಜದ ಚೀಟಿ ಓದಾಕ ಅಷ್ಟು ವಿದ್ಯೆ ಸಾಕಾಗೇತಿ. ಏಳನೇತ್ತಿ ಹುಡುಗಿ ತನ್ನ ಅವ್ವನ ಡಬ್ಬಿ ಓದಿ, "ಅವ್ವಾ, ಇದರ ಮ್ಯಾಲ ಊರೇ ಇಲ್ಲ" ಅಂದರೆ ಅವ್ವ ಕೇಳತಾಳ. ನಾನು ಹೇಳಿದರೆ ಕೇಳೂದಿಲ್ಲ.

ಬರೆಯೋ ಮೊದಲು ತಂಗಿಯ ಮಗಳನ್ನು ಕೇಳಿದೆ, ಬರೀಲೇನವಾ ಅಂತ. ಈಗ ಅವಳಿಗೆ ಒಂದು ಕೂಸು ಐತಿ. ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮ್ಯಾಲ ಒಳಗೆ ಹೋಗಿ ಟ್ರಂಕಿನಿಂದ ಆ ಎರಡನೇ ಡಬ್ಬಿ ತಂದು ಕೊಟ್ಟಳು. ಡಾಕ್ಟರಿಗೆ ತೋರಿಸಿದ ದಿನದಿಂದ ಎತ್ತಿಟ್ಟಿದ್ದಳಂತೆ. "ಒಗೀಬೇಕು ಅಂದ್ನಿ ಮಾಮಾ, ನೀ ಬೀಜದ ಚೀಲ ಇಡತಿಯಲ್ಲ, ಹಂಗ ಇಟ್ಟೆ" ಅಂದಳು.

ಆ ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದಾಗ ಕಟ್ಟಿ ವಾಚನಾಲಯದ ಕಪಾಟಿನ ಮೇಲೆ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಇಟ್ಟೀನಿ. ಬಂದು ನೋಡ್ರಿ, ಬಿಚ್ಚಬ್ಯಾಡ್ರಿ. ನಿಮ್ಮ ಮನೆಯಲ್ಲಿ ಹೆಸರಿಲ್ಲದ ಡಬ್ಬಿ ಇದ್ದರೆ ಹಂಗೇ ಚೀಲದಾಗ ಕಟ್ಟಿ ತಂದು ಅದರ ಮಗ್ಗಲಿಗೆ ಇಡ್ರಿ, ಯಾರ ಮನೆಯದು ಅಂತ ನಾನು ಕೇಳೂದಿಲ್ಲ. ಐದಾರು ಕೂಡಿದ ಮೇಲೆ ನಾನೇ ಬಸ್ ಹತ್ತಿ ಸೋಲಾಪುರದ ಕಚೇರಿಗೆ ಒಯ್ಯತೀನಿ. ಈಗ ಅಲ್ಲಿ ಮೂರು ಅದಾವ. ನಗುತ್ತಿದ್ದ ನಾಲ್ವರೊಳಗ ಒಬ್ಬನ ಮನೆಯಾಕಿ ಒಂದು ತಂದಿಟ್ಟು ಹೋಗ್ಯಾಳ.